ಮನೆ ಕಟ್ಟುವ ಮುನ್ನ ಕೇಳಬೇಕಾದವರು

(ಶತಮಾನೋತ್ಸವದ ಅಂಗವಾಗಿ ನಮ್ಮ ಇಗರ್ಜಿಯ ಸಭಾಂಗಣದಲ್ಲಿ ಜರುಗಿದ ವಿಚಾರಗೋಷ್ಠಿಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣದ ಲಿಖಿತ ರೂಪ)



ನಮ್ಮ ಇಗರ್ಜಿಯ ನೂರನೆಯ ವರ್ಷದ ನೆನಪಿಗಾಗಿ ಧರ್ಮಕೇಂದ್ರದ ಒಂಬತ್ತು ಬಡ ಕುಟುಂಬಗಳಿಗೆ ಮನೆ ಕಟ್ಟಿಸಿಕೊಡುವುದೆಂದು ಪಾಲನಾ ಮಂಡಳಿಯು ನಿರ್ಧರಿಸಿದೆ. ಆ ನಿರ್ಧಾರದ ವಿಷಯದಲ್ಲಿ ನಮ್ಮಲ್ಲಿ ಎರಡು ಮಾತಿಲ್ಲ. ಆದರೆ ಕಳೆದ ತಿಂಗಳು ಮಂಡಳಿಯ ಮುಂದೆ ಬಂದ ನಕ್ಷೆಯ ವಿಷಯದಲ್ಲಿ ಎರಡು ಮಾತುಂಟು. ಗೋಷ್ಠಿಯ ಏರ್ಪಾಡು ಮಾಡಿದವರು ನಮಗೆ ಕೊಟ್ಟ ವಿಷಯ 'ಸುಸ್ಥಿರ ಕಟ್ಟಡ ನಿರ್ಮಾಣ ಮತ್ತು ಸಾಮಾಜಿಕ ಸಂಶೋಧನೆ' ಎಂಬುದು. ಹೆಸರು ಭಾರವಾಗಿದೆ. ಅದು ನಮ್ಮ ಒಂಬತ್ತು ಮನೆಗಳಿಗೆ ಸಂಬಂಧಿಸಿದ ವಿಷಯವೇ ಆಗಿರುವುದರಿಂದ ಒಪ್ಪಿಕೊಂಡೆವು.

ನಕ್ಷೆಯನ್ನು ಬರೆದ ತರುಣ ಇಂಜಿನಿಯರರು ನಮ್ಮವರೇ. ಪ್ರತಿಫಲ ಬಯಸದೆ ಬರೆದುಕೊಟ್ಟಿದ್ದಾರೆ. ಅದರ ಅಳತೆಯಲ್ಲಾಗಲಿ ಲೆಕ್ಕದಲ್ಲಾಗಲಿ ದೋಷವಿಲ್ಲ. ಇಗರ್ಜಿಯ ಹಿಂದಿನ ಗುಡ್ಡವನ್ನು ಸಮತಟ್ಟು ಮಾಡಿ, ಒಂದೇ ಸಾಲಿನಲ್ಲಿ, ಒಂದೇ ಆಕಾರದ ಒಂಬತ್ತು ಮನೆಗಳು. ಸಿಮೆಂಟ್ ಇಟ್ಟಿಗೆಯ ಗೋಡೆ, ಕಾಂಕ್ರೀಟಿನ ತಾರಸಿ, ಮುಂದೆ ಎರಡು ಮೆಟ್ಟಿಲು. ಈ ಮನೆಗಳಲ್ಲಿ ಬಾಳಬೇಕಾದವರ ಪೈಕಿ ಒಬ್ಬರಾದರೂ ಈ ಕಾಗದವನ್ನು ಕಂಡಿದ್ದಾರೆಯೆ ಎಂದು ಸಭೆಯಲ್ಲಿ ವಿಚಾರಿಸಿದಾಗ ಉತ್ತರ ಬರಲಿಲ್ಲ. ಇಂದು ನಾವು ಹೇಳಬೇಕೆಂದಿರುವುದು ಈ ಒಂದು ವಿಷಯವನ್ನೇ.

ಕಟ್ಟಡದ ಬಗ್ಗೆ ಎರಡು ಬಗೆಯ ವಿಚಾರಣೆಗಳುಂಟು. ಗೋಡೆ ಎಷ್ಟು ಭಾರ ಹೊರಬಲ್ಲದು, ಮಾಡು ಎಷ್ಟು ಮಳೆ ತಡೆಯಬಲ್ಲದು, ಖರ್ಚೆಷ್ಟು ಎಂದು ಕೇಳುವುದು ಒಂದು. ಇದು ಇಂಜಿನಿಯರರ ವಿದ್ಯೆ. ಆ ಮನೆಯಲ್ಲಿ ಜನರು ಹೇಗೆ ಬದುಕುತ್ತಾರೆ, ಯಾರು ಎಲ್ಲಿ ಕುಳಿತು ಏನು ಕೆಲಸ ಮಾಡುತ್ತಾರೆ, ಕಟ್ಟಿದ ಮೇಸ್ತ್ರಿಗೆ ಏನು ಗೊತ್ತು, ಹತ್ತು ವರ್ಷಗಳ ನಂತರ ಮನೆಯ ಯಾವ ಭಾಗವನ್ನು ಕೆಡವಿದರು, ಏಕೆ ಕೆಡವಿದರು ಎಂದು ಕೇಳುವುದು ಇನ್ನೊಂದು. ಇದನ್ನೇ ಸಾಮಾಜಿಕ ಸಂಶೋಧನೆ ಎನ್ನುತ್ತಾರೆ. ಇಂದಿನವರಿಗೆ ಆಶ್ರಯವಾಗಿ, ಮುಂದಿನವರ ಪಾಲಿನ ಮಣ್ಣು, ಮರ, ನೀರು, ಇಂಧನಗಳನ್ನು ಕಸಿಯದ ಕಟ್ಟಡಕ್ಕೆ ಸುಸ್ಥಿರ ಎಂಬ ಹೆಸರು. ಅಂಥ ಕಟ್ಟಡವಾಗಲು ಮೊದಲನೆಯ ವಿದ್ಯೆಯೊಂದೇ ಸಾಲದೆಂಬುದನ್ನು ಲೋಕವು ಬಹಳ ನಷ್ಟ ಅನುಭವಿಸಿ ಕಲಿತಿದೆ.

ಮೊದಲನೆಯ ವಿದ್ಯೆಯನ್ನು ನಾವು ಕೀಳುಗಳೆಯುತ್ತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಎ. ಕೆ. ಎನ್. ರೆಡ್ಡಿಯವರ ಮುಂದಾಳುತನದಲ್ಲಿ 1974ರಲ್ಲಿ 'ಅಸ್ತ್ರ' ಎಂಬ ವಿಭಾಗ ಪ್ರಾರಂಭವಾಯಿತು. ಗ್ರಾಮಗಳಿಗೆ ಒದಗುವ ವಿಜ್ಞಾನವನ್ನು ರೂಪಿಸುವುದು ಅದರ ಉದ್ದೇಶ. ಅಲ್ಲಿ ಪ್ರೊಫೆಸರ್ ಕೆ. ಎಸ್. ಜಗದೀಶ್ ಮತ್ತು ಅವರ ಸಹೋದ್ಯೋಗಿಗಳು ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಸುಡದೆಯೇ ಗಟ್ಟಿಯಾಗುವ ಇಟ್ಟಿಗೆಯನ್ನು ಬೆಳೆಸಿದರು. ಒಂದು ಕಟ್ಟಡದ ಸಾಮಗ್ರಿಗಳನ್ನು ತಯಾರಿಸಲು ಎಷ್ಟು ಇಂಧನ ಬೇಕಾಗುತ್ತದೆಂಬುದನ್ನು ಬಿ. ವಿ. ವೆಂಕಟರಾಮ ರೆಡ್ಡಿ ಮತ್ತು ಜಗದೀಶ್ 2003ರಲ್ಲಿ ಪ್ರಕಟಿಸಿದರು. ಒಂದು ಘನ ಮೀಟರು ಸುಟ್ಟ ಇಟ್ಟಿಗೆಯ ಗೋಡೆಗೆ 2,141 ಮೆಗಾಜೌಲ್. ಶೇಕಡ 6ರಷ್ಟು ಸಿಮೆಂಟ್ ಬೆರೆಸಿದ ಮಣ್ಣಿಟ್ಟಿಗೆಯ ಗೋಡೆಗೆ 646 ಮಾತ್ರ. ಕಾಂಕ್ರೀಟ್ ತಾರಸಿಗೆ ಚದರ ಮೀಟರಿಗೆ 730. ಮಂಗಳೂರು ಹಂಚಿನ ಮಾಡಿಗೆ 227. ಮೂರನೆಯ ಒಂದಂಶಕ್ಕಿಂತಲೂ ಕಡಿಮೆ! ನಮ್ಮ ಅಜ್ಜಂದಿರು ಯಾವ ಲೆಕ್ಕವನ್ನೂ ಬರೆಯದೆ ಕಟ್ಟಿದ ಮಾಡು ಇದು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು 1865ರಲ್ಲಿ ಹಂಚಿನ ಕಾರ್ಖಾನೆ ತೆರೆದರು. ಮತಾಂತರದಿಂದ ಕುಲವನ್ನೂ ಕಸುಬನ್ನೂ ಕಳೆದುಕೊಂಡವರಿಗೆ ಅನ್ನದ ದಾರಿಯಾಗಲೆಂಬುದೂ ಅದರ ಒಂದು ಉದ್ದೇಶವಾಗಿತ್ತೆಂಬುದನ್ನು ಸ್ಮರಿಸಬೇಕು. ಹಂಚು ಹುಟ್ಟಿದಂದಿನಿಂದಲೇ ಅದಕ್ಕೊಂದು ಸಾಮಾಜಿಕ ಚರಿತ್ರೆಯಿದೆ.

ಸಿಮೆಂಟಿನ ಕಥೆ ಬೇರೆ. ಅದರ ಮೂಲದ್ರವ್ಯವಾದ ಸುಣ್ಣಕಲ್ಲನ್ನು ನೂರು ಕಿಲೋ ಸುಟ್ಟರೆ ನಲವತ್ತನಾಲ್ಕು ಕಿಲೋ ಇಂಗಾಲದ ಅನಿಲವಾಗಿ ಆಕಾಶಕ್ಕೆ ಹೋಗುತ್ತದೆ. ಸುಡಲು ಉರಿಸಿದ ಕಲ್ಲಿದ್ದಲಿನ ಹೊಗೆ ಇದಕ್ಕೆ ಹೊರತಾದದ್ದು. ಹಿಂದಿನವರ ಸುಣ್ಣದ ಗಾರೆಯಾದರೋ ಗೋಡೆಯಲ್ಲಿ ಗಟ್ಟಿಯಾಗುತ್ತಾ ಅದೇ ಅನಿಲವನ್ನು ಗಾಳಿಯಿಂದ ಮರಳಿ ಹೀರಿಕೊಳ್ಳುತ್ತಿತ್ತು.

ಇಷ್ಟೆಲ್ಲ ತಿಳಿದ ಮೇಲೆ, ಮಣ್ಣಿನ ಇಟ್ಟಿಗೆಯೂ ಹಂಚಿನ ಮಾಡೂ ಊರೂರಿನಲ್ಲಿ ಏಕೆ ತುಂಬಿಕೊಳ್ಳಲಿಲ್ಲ? ಗ್ರಾಮದ ಬಡವರಿಗಾಗಿ ರೂಪಿಸಿದ ಆ ಮಣ್ಣಿಟ್ಟಿಗೆಯನ್ನು ಹೆಚ್ಚಾಗಿ ಮೆಚ್ಚಿಕೊಂಡವರು ಬೆಂಗಳೂರಿನ ವಿದ್ಯಾವಂತರು. ಬಡವನು ಕಾಂಕ್ರೀಟನ್ನೇ ಬಯಸಿದನು. ಇಲ್ಲಿಗೆ ಇಂಜಿನಿಯರರ ಲೆಕ್ಕ ಮುಗಿಯುತ್ತದೆ. ಮನುಷ್ಯನ ಲೆಕ್ಕ ಪ್ರಾರಂಭವಾಗುತ್ತದೆ.

ಒಂದು ಚಿಕ್ಕ ಸಂಗತಿಯನ್ನು ಗಮನಿಸಿರಿ. ನಮ್ಮ ದೇಶದ ಜನಗಣತಿಯವರು 2001 ಮತ್ತು 2011ರಲ್ಲಿ ಮನೆಗಳನ್ನು ಶಾಶ್ವತ, ಅರೆಶಾಶ್ವತ, ತಾತ್ಕಾಲಿಕ ಎಂದು ವಿಂಗಡಿಸಿದರು. ಗೋಡೆಯೂ ಮಾಡೂ ಯಾವುದರಿಂದ ಆಗಿದೆ ಎಂಬುದೊಂದೇ ಅಳತೆಗೋಲು. ಅದರಂತೆ ತಗಡಿನ ಗೋಡೆಯೂ ಕಲ್ನಾರಿನ ಗೋಡೆಯೂ ಶಾಶ್ವತ ವಸ್ತುವಿನವು. ಎರಡಡಿ ದಪ್ಪದ ಮಣ್ಣಿನ ಗೋಡೆ ತಾತ್ಕಾಲಿಕ! ಅದರಲ್ಲಿ ನಾಲ್ಕು ತಲೆಮಾರು ಹುಟ್ಟಿ ಬೆಳೆದಿದ್ದರೂ ಸರಿಯೇ. ಮನೆಯ ಯಜಮಾನನು ಬಡವನೋ ಅಲ್ಲವೋ ಎಂಬುದನ್ನು ಗೋಡೆಯನ್ನು ನೋಡಿಯೇ ಬರೆದುಕೊಳ್ಳುವ ಕಾಲದಲ್ಲಿ, ಮಣ್ಣಿನ ಗೋಡೆ ಬಡತನದ ಹಣೆಪಟ್ಟಿಯಾಗುತ್ತದೆ. ಮಗಳನ್ನು ನೋಡಲು ಬರುವವರು ಆ ಪಟ್ಟಿಯನ್ನೇ ಓದುತ್ತಾರೆ. ಹೀಗಿರುವಾಗ ಪರಿಸರದ ಹಿತವೆಂದು ಬೋಧಿಸಿ ಬಡವನೊಬ್ಬನಿಗೇ ಮಣ್ಣಿನ ಮನೆ ಕಟ್ಟಿಕೊಡುವುದು ನ್ಯಾಯವೆ? ನಮ್ಮ ಪಾಲನಾ ಮಂಡಳಿಯ ಸದಸ್ಯರಲ್ಲಿ ಎಷ್ಟು ಮಂದಿ ಹಂಚಿನ ಮಾಡಿನ ಕೆಳಗೆ ಮಲಗುತ್ತಾರೆಂದು ನಾವಿಲ್ಲಿ ಕೇಳಹೋಗುವುದಿಲ್ಲ.

ಮನುಷ್ಯನ ಲೆಕ್ಕ ಹೇಗೆ ತಪ್ಪುತ್ತದೆಂಬುದಕ್ಕೆ ಈಜಿಪ್ಟ್ ದೇಶದ ದೃಷ್ಟಾಂತವೊಂದನ್ನು ಕಟ್ಟಡಶಾಸ್ತ್ರದ ವಿದ್ಯಾರ್ಥಿಗಳೆಲ್ಲ ಓದುತ್ತಾರೆ. ಲಕ್ಸರ್ ಪಟ್ಟಣದ ಎದುರು, ನೈಲ್ ನದಿಯ ಪಶ್ಚಿಮ ದಡದ ಗುಡ್ಡದಲ್ಲಿ, ಪುರಾತನ ಸಮಾಧಿಗಳ ಮೇಲೆಯೇ ಮನೆ ಕಟ್ಟಿಕೊಂಡಿದ್ದ ಗೌರ್ನಾ ಎಂಬ ಊರು. ಸುಮಾರು 7,000 ಜನ. ಸಮಾಧಿಗಳೊಳಗಿನ ವಸ್ತುಗಳು ಕಳುವಾಗುತ್ತಿದ್ದುದರಿಂದ ಜನರನ್ನು ಅಲ್ಲಿಂದ ಎಬ್ಬಿಸಿ ಹೊಸ ಊರು ಕಟ್ಟಿಸಲು ಸರ್ಕಾರ ನಿಶ್ಚಯಿಸಿ, 1945ರಲ್ಲಿ ಹಸನ್ ಫಾತಿ ಎಂಬ ವಾಸ್ತುಶಿಲ್ಪಿಗೆ ಆ ಕಾರ್ಯವನ್ನು ಒಪ್ಪಿಸಿತು. ಫಾತಿಯವರು ಸಾಮಾನ್ಯರಲ್ಲ. ಬಿಸಿಲಿಗೆ ಒಣಗಿಸಿದ ಹಸಿ ಇಟ್ಟಿಗೆಯಿಂದಲೇ, ಮರದ ಆಸರೆಯಿಲ್ಲದೆ ಕಮಾನುಗಳನ್ನೂ ಗುಮ್ಮಟಗಳನ್ನೂ ಎಬ್ಬಿಸಬಲ್ಲ ನ್ಯೂಬಿಯಾ ಪ್ರಾಂತದ ಮೇಸ್ತ್ರಿಗಳನ್ನು ಕರೆತಂದರು. ಬಂಧುಬಳಗದವರ ಮನೆಗಳು ಒಂದೇ ಅಂಗಳದ ಸುತ್ತ ಬರುವಂತೆ ಯೋಜಿಸಿದರು. ಮನೆ ಮನೆಗೂ ಬೇರೆ ನಕ್ಷೆ. ಕಲೆಗೆ ಕಲೆ, ತಂಪಿಗೆ ತಂಪು, ಅಗ್ಗಕ್ಕೆ ಅಗ್ಗ.

ಆದರೂ ಜನ ಬರಲೊಲ್ಲರು. ಹಳೆಯ ಊರಿನಲ್ಲಿ ಅವರ ಅನ್ನವಿತ್ತು. ಸಮಾಧಿಗಳನ್ನು ನೋಡಲು ಬರುವ ಪ್ರವಾಸಿಗಳಿಂದಲೂ, ಗುಟ್ಟಾಗಿ ಮಾರುವ ಪುರಾತನ ವಸ್ತುಗಳಿಂದಲೂ ಅವರ ಜೀವನ ಸಾಗುತ್ತಿತ್ತು. ಹೊಸ ಊರಿನಲ್ಲಿ ಅದಕ್ಕೆ ಸಮನಾದ ಕಸುಬು ಇರಲಿಲ್ಲ. ಸಾಲದ್ದಕ್ಕೆ ಗುಮ್ಮಟವು ಅವರ ಕಣ್ಣಿಗೆ ಗೋರಿಯ ಮೇಲಿನ ಕಟ್ಟಡ. ಅದರ ಕೆಳಗೆ ಮಲಗುವುದೆಂದರೆ ಹೇಗೆ? 1948ರಲ್ಲಿ ಕೆಲಸ ನಿಂತುಹೋಯಿತು. ಊರಿನ ಒಂದು ಭಾಗವಷ್ಟೇ ಮೇಲೆದ್ದಿತ್ತು. ಫಾತಿಯವರು ಬಹಳ ವರ್ಷಗಳ ನಂತರ ಇಂಗ್ಲಿಷ್ ಬಲ್ಲ ಲೋಕವೆಲ್ಲ ಓದಿದ ತಮ್ಮ ಗ್ರಂಥದಲ್ಲಿ, ಇಂಥ ಕೆಲಸಕ್ಕೆ ಜನಜೀವನವನ್ನು ಅಭ್ಯಾಸ ಮಾಡಬಲ್ಲವರ ನೆರವು ಅವಶ್ಯವೆಂದೂ, ಮನೆಯಲ್ಲಿ ಹೆಚ್ಚು ಹೊತ್ತು ಇರುವ ಹೆಂಗಸರನ್ನು ಮುಕ್ತವಾಗಿ ಕೇಳಲು ಆ ಸಮಾಜದಲ್ಲಿ ಸಾಧ್ಯವಾಗಲಿಲ್ಲವೆಂದೂ ಬರೆದುಕೊಂಡರು. ನಮಗೆ ಕಾಣುವುದಿಷ್ಟು: ಹೊಸ ಮನೆ ಹೇಗಿರಬೇಕೆಂದು ಆ ಜನರನ್ನು ಸ್ವಲ್ಪಮಟ್ಟಿಗೆ ಕೇಳಲಾಯಿತು, ಅಲ್ಲಿಗೆ ಹೋಗುವಿರಾ ಎಂದು ಕೇಳಲಿಲ್ಲ.

ಈಜಿಪ್ಟ್ ದೂರವಾಯಿತೆನ್ನುವವರಿಗೆ ಲಾತೂರು ಹತ್ತಿರವೇ ಇದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನಮ್ಮ ಗಡಿಗೆ ತಾಗಿದ ಆ ಮಹಾರಾಷ್ಟ್ರ ಪ್ರಾಂತದಲ್ಲಿ ಭೂಮಿ ನಡುಗಿ ಸುಮಾರು 8,000 ಜನರು ಮಡಿದರು. ಮಣ್ಣಿನಲ್ಲಿ ಕೂಡಿಸಿದ ದಪ್ಪ ಕಲ್ಲುಗೋಡೆಗಳೂ ಮೇಲಿನ ಭಾರದ ಮಣ್ಣುಮಾಳಿಗೆಯೂ ಮಲಗಿದ್ದವರ ಮೇಲೆ ಬಿದ್ದವು. ಅನಂತರ ದೇಶವಿದೇಶಗಳ ನೆರವಿನಿಂದ ಹತ್ತಾರು ಊರುಗಳನ್ನು ಹೊಸ ಸ್ಥಳದಲ್ಲಿ ಕಟ್ಟಿಕೊಡಲಾಯಿತು. ರೋಹಿತ್ ಜಿಗ್ಯಾಸು ಎಂಬ ವಾಸ್ತುಶಿಲ್ಪಿಯವರು ಅಲ್ಲಿಗೆ ಹೋಗಿ ಅಭ್ಯಾಸ ಮಾಡಿ 2002ರಲ್ಲಿ ನಾರ್ವೆಯ ವಿಶ್ವವಿದ್ಯಾನಿಲಯವೊಂದಕ್ಕೆ ಮಹಾಪ್ರಬಂಧ ಒಪ್ಪಿಸಿದರು. ಅವರೂ ಅವರ ಹಾಗೆಯೇ ಅಲ್ಲಿಗೆ ಹೋದ ಇತರರೂ ಕಂಡದ್ದೇನು? ಪಟ್ಟಣದ ಬಡಾವಣೆಯಂತೆ ನೇರವಾದ ಅಗಲ ಬೀದಿಗಳು, ಚದುರಿಹೋದ ನೆರೆಹೊರೆ, ದನಕ್ಕೂ ಧಾನ್ಯಕ್ಕೂ ನೇಗಿಲಿಗೂ ಎಡೆಯಿಲ್ಲದ ಮನೆಗಳು, ಅವುಗಳ ಪಕ್ಕದಲ್ಲಿ ಜನರು ತಾವೇ ಸಿಕ್ಕಿದ ಸಾಮಗ್ರಿಯಿಂದ ಎಬ್ಬಿಸಿಕೊಂಡ ಚಪ್ಪರಗಳು. ಇವೆಲ್ಲಕ್ಕಿಂತ ದುಃಖಕರವಾದದ್ದು, ಜನರಿಗೆ ಕಲ್ಲಿನ ಮೇಲೆಯೇ ನಂಬಿಕೆ ಹೋದದ್ದು. ದೋಷವಿದ್ದುದು ಕಲ್ಲಿನಲ್ಲಿ ಅಲ್ಲ. ಗೋಡೆಯ ಎರಡು ಮುಖಗಳನ್ನು ಹಿಡಿದಿಡುವ ಉದ್ದನೆಯ ಕಲ್ಲುಗಳನ್ನು ನಡುನಡುವೆ ಇಡದೆ ಕಟ್ಟಿದ ರೀತಿಯಲ್ಲಿ. ಕಟ್ಟುವ ವಿದ್ಯೆಯ ಒಂದು ಗಂಟು ಎಲ್ಲೋ ಕಳಚಿತ್ತು. ಅದನ್ನು ಮರಳಿ ಕಲಿಸುವ ಬದಲು ವಿದ್ಯೆಯನ್ನೇ ಬಿಸಾಡಿದಂತಾಯಿತು.

ನಮ್ಮ ರಾಜ್ಯದಲ್ಲಿಯೂ 2009ರ ಮಹಾಪೂರದ ನಂತರ ಉತ್ತರದ ಜಿಲ್ಲೆಗಳಲ್ಲಿ 'ಆಸರೆ' ಯೋಜನೆಯ ಮನೆಗಳು ದಾನಿಗಳ ನೆರವಿನಿಂದ ಎದ್ದವು. ಅನೇಕ ಕಡೆ ಅವು ಬಹಳ ಕಾಲ ಖಾಲಿಯಾಗಿ ಉಳಿದವು; ಹೊಲಕ್ಕೆ ದೂರವಾಯಿತು, ದನ ಕಟ್ಟಲು ಜಾಗವಿಲ್ಲ ಎಂದು ಜನರು ಹಳೆಯ ಊರಿನಲ್ಲಿಯೇ ಉಳಿದರು. ಕೊಟ್ಟವರ ಮನಸ್ಸು ಒಳ್ಳೆಯದೇ ಆಗಿತ್ತು. ಆದರೆ ಬಾಗಿಲು ಹಾಕಿದ ಮನೆಗಿಂತ ದುಬಾರಿಯಾದ ಮನೆ ಇನ್ನಾವುದಿದೆ? ಅದಕ್ಕೆ ಸುರಿದ ಸಿಮೆಂಟು, ಕಬ್ಬಿಣ, ಹೊಳೆಯ ಮರಳು, ಬೆವರು ಎಲ್ಲವೂ ವ್ಯರ್ಥ.

ಕೇಳಿ ಕಟ್ಟಿದವರೂ ಉಂಟು. ಇಂಗ್ಲೆಂಡಿನಲ್ಲಿ ಹುಟ್ಟಿ, ಕುಷ್ಠರೋಗಿಗಳ ಸೇವೆಗಾಗಿ ಭಾರತಕ್ಕೆ ಬಂದು, 2007ರಲ್ಲಿ ತಿರುವನಂತಪುರದಲ್ಲಿ ತೀರಿಕೊಂಡ ಲಾರಿ ಬೇಕರ್‌ರವರ ಹೆಸರನ್ನು ನಿಮ್ಮಲ್ಲಿ ಕೆಲವರಾದರೂ ಕೇಳಿರಬಹುದು. ಇಟ್ಟಿಗೆಗಳನ್ನು ಬದಿಯ ಮೇಲೆ ನಿಲ್ಲಿಸಿ ನಡುವೆ ಟೊಳ್ಳು ಬಿಟ್ಟು ಕಟ್ಟಿದರೆ ಸುಮಾರು ಕಾಲು ಭಾಗ ಇಟ್ಟಿಗೆ ಉಳಿಯುತ್ತದೆ, ಒಳಗೆ ತಂಪೂ ಇರುತ್ತದೆ ಎಂಬುದನ್ನು ಅವರು ಕೇರಳದ ತುಂಬ ತೋರಿಸಿಕೊಟ್ಟರು. ತಿರುವನಂತಪುರದ ಬಳಿಯ ಶ್ರೀಕಾರ್ಯಂನಲ್ಲಿ ಯೇಸುಸಭೆಯವರ ಲೊಯೋಲಾ ಶಾಲೆಯ ಪ್ರಾರ್ಥನಾಲಯವೂ ಅವರ ಕೈಯದೇ. ಆದರೆ ನಾವು ಹೇಳಬೇಕಾದದ್ದು ಪೂಂತುರ ಎಂಬಲ್ಲಿ ಮೀನುಗಾರರಿಗೆ ಅವರು ಕಟ್ಟಿದ ಮನೆಗಳನ್ನು. ಅವನ್ನು ಸಿಪಾಯಿಗಳಂತೆ ಸಾಲಾಗಿ ನಿಲ್ಲಿಸದೆ ಒಂದನ್ನು ಹಿಂದೆ ಒಂದನ್ನು ಮುಂದೆ ಸರಿಸಿ, ಮನೆ ಮನೆಗೂ ಕಡಲಗಾಳಿ ಬರುವಂತೆಯೂ, ಎದುರಿಗೆ ಬಲೆ ಒಣಗಿಸಲು ಎಡೆಯಿರುವಂತೆಯೂ ಮಾಡಿದರು. ಮೀನುಗಾರನ ಮನೆಯೆಂದರೆ ಅವನ ಕಾರ್ಯಾಗಾರವೂ ಹೌದೆಂಬುದು ಅವರಿಗೆ ತಿಳಿದಿತ್ತು. ಅವರು ಕೆಲಸದ ಸ್ಥಳದಲ್ಲಿ ನಿಂತು ಮೇಸ್ತ್ರಿಗಳೊಡನೆ ಮಾತಾಡುತ್ತಾ ಕಟ್ಟಿಸಿದವರು.

'ಅಸ್ತ್ರ'ದವರೂ ಪ್ರಯೋಗಶಾಲೆಯಲ್ಲಿಯೇ ಕುಳಿತಿರಲಿಲ್ಲ. ತುಮಕೂರು ಜಿಲ್ಲೆಯ ಉಂಗ್ರ ಗ್ರಾಮದಲ್ಲಿ ಕೇಂದ್ರವನ್ನು ತೆರೆದು, ಸುತ್ತಲಿನ ಆರು ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ, ಯಾವ ಒಲೆಗೆ ಎಷ್ಟು ಸೌದೆ, ಅದನ್ನು ತಂದವರು ಯಾರು, ಎಷ್ಟು ಹೊತ್ತು ನಡೆದರು ಎಂದು ಲೆಕ್ಕ ಹಾಕಿದರು. ಹಳ್ಳಿಯ ಇಂಧನದ ಬಹುಪಾಲು ಸೌದೆಯೇ, ಅದರ ಹೊರೆ ಹೆಂಗಸರ ಮತ್ತು ಮಕ್ಕಳ ತಲೆಯ ಮೇಲೆಯೇ ಎಂಬುದು ಅಂಕೆಗಳಲ್ಲಿ ಕಂಡಿತು. ಆ ಆರು ಹಳ್ಳಿಗಳ ಲೆಕ್ಕ ಇಂದಿಗೂ ವಿದ್ವಾಂಸರಿಗೆ ಬೇಕಾಗಿದೆ. ದಿವಂಗತ ಪೋಪ್ ಫ್ರಾನ್ಸಿಸ್‌ರವರೂ 2015ರ ತಮ್ಮ ವಿಶ್ವಪತ್ರದ 150ನೆಯ ಪರಿಚ್ಛೇದದಲ್ಲಿ, ಕಟ್ಟಡಗಳನ್ನು ರೂಪಿಸುವವರು ಅಲ್ಲಿ ಬಾಳುವವರ ಆಲೋಚನೆಯನ್ನು ಅರಿಯಬೇಕು, ಅವರ ದೃಷ್ಟಿಯನ್ನೂ ಗಣನೆಗೆ ತೆಗೆದುಕೊಳ್ಳಬೇಕು ಎಂಬ ಅರ್ಥದ ಮಾತುಗಳನ್ನು ಬರೆದಿದ್ದಾರೆ.

ಈಗ ನಮ್ಮ ಗುಡ್ಡಕ್ಕೆ ಮರಳೋಣ.

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಮೂರೂವರೆ ಮೀಟರಿನಷ್ಟು ಮಳೆ ಸುರಿಯುತ್ತದೆ. ಇಂಥ ಊರಿನಲ್ಲಿ ಸಮತಟ್ಟಾದ ತಾರಸಿಯನ್ನು ಕಟ್ಟಿ, ನಾಲ್ಕೈದು ಮಳೆಗಾಲದಲ್ಲಿ ಅದು ಸೋರತೊಡಗಿದ ಮೇಲೆ, ಕಬ್ಬಿಣದ ಕಂಬ ನೆಟ್ಟು ಮೇಲೊಂದು ಶೀಟಿನ ಮಾಡು ಹಾಕಿಸಿದವರು ನಮ್ಮ ಧರ್ಮಕೇಂದ್ರದಲ್ಲಿಯೇ ಎಷ್ಟು ಮಂದಿಯಿಲ್ಲ! ಒಂದು ಮನೆಗೆ ಎರಡು ಮಾಡು, ಎರಡು ಸಾಲ. ಇದನ್ನು ಪಟ್ಟಣದ ಗ್ರಂಥಗಳಲ್ಲಿ ಹುಡುಕಬೇಕಾಗಿಲ್ಲ. ಪೂಜೆ ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ ಕತ್ತೆತ್ತಿ ನೋಡಿದರೆ ಸಾಕು.

ಹಾಗೆಂದು ಹಂಚಿನ ಮಾಡನ್ನೇ ಹೊದಿಸಿರೆಂದು ಅಪ್ಪಣೆ ಕೊಡಲು ನಾವು ಇಲ್ಲಿ ನಿಂತಿಲ್ಲ. ಆ ಕುಟುಂಬಗಳನ್ನು ಕೇಳಿದರೆ ತಾರಸಿಯೇ ಬೇಕೆಂದಾರು; ಆಗ ಏನು ಮಾಡುವಿರಿ ಎಂದು ಸದಸ್ಯರೊಬ್ಬರು ಕೇಳಿದ್ದಾರೆ. ಪ್ರಶ್ನೆ ಸರಿಯಾದುದೇ. ತಾರಸಿ ಬೇಕು ಎಂಬುದು ಉತ್ತರದ ಅರ್ಧ ಮಾತ್ರ. ಏಕೆ ಎಂಬುದು ಇನ್ನರ್ಧ. ಮಂಗಗಳು ಹಂಚು ಒಡೆಯುತ್ತವೆಯೆಂದು ಒಬ್ಬರು ಹೇಳಬಹುದು. ಪಕಾಸು ರೀಪುಗಳಿಗೆ ಗೆದ್ದಲು ಹಿಡಿಯುತ್ತದೆ, ವರ್ಷವರ್ಷವೂ ಮಾಡು ಹತ್ತಿ ಹಂಚು ಸರಿಪಡಿಸುವ ಆಳು ಈಗ ಸಿಗುವುದಿಲ್ಲ, ಗಂಡಸರೆಲ್ಲ ಕೊಲ್ಲಿ ದೇಶದಲ್ಲಿದ್ದಾರೆ ಎಂದು ಇನ್ನೊಬ್ಬರು ಹೇಳಬಹುದು. ಮಗನಿಗೆ ಮದುವೆಯಾದರೆ ಮೇಲೊಂದು ಕೋಣೆ ಎಬ್ಬಿಸಬೇಕೆಂಬ ಆಸೆ ಮತ್ತೊಬ್ಬರದು. ಮೊದಲೆರಡಕ್ಕೆ ಕಬ್ಬಿಣದ ಪಕಾಸಿನಂಥ ಪರಿಹಾರಗಳಿವೆ, ಹಂಚಿನ ಕೆಳಗೆ ಇನ್ನೊಂದು ಹಂಚು ಹೊದಿಸುವ ಕ್ರಮವಿದೆ. ಮೂರನೆಯದಕ್ಕೆ ಇಲ್ಲ, ಅಂಥವರಿಗೆ ತಾರಸಿಯೇ ಯೋಗ್ಯವೆಂದಾದರೆ, ತಾರಸಿಯ ನಡುವೆ ಹಳೆಯ ಹಂಚುಗಳನ್ನು ತುಂಬಿಸಿ ಕಾಂಕ್ರೀಟನ್ನು ಉಳಿಸುವ ಬೇಕರ್‌ರವರ ವಿಧಾನವಾದರೂ ಇದೆ. ಒಂಬತ್ತು ಮನೆಗಳೂ ಅವಳಿ ಮಕ್ಕಳಂತೆ ಇರಬೇಕೆಂದು ಯಾವ ಶಾಸ್ತ್ರವೂ ವಿಧಿಸಿಲ್ಲ. ಕೇಳುವುದೆಂದರೆ ನಮಗೆ ಬೇಕಾದ ಉತ್ತರವನ್ನು ಅವರ ಬಾಯಿಂದ ಹೊರಡಿಸುವುದಲ್ಲ. ಎಲ್ಲವನ್ನೂ ವಿವರಿಸಿದ ಮೇಲೆಯೂ ಅವರು ಬೇರೆಯದನ್ನೇ ಬಯಸಿದರೆ ಅವರ ಮಾತೇ ನಡೆಯಬೇಕು, ಮನೆ ಅವರದು.

ಈ ಒಂಬತ್ತು ಕುಟುಂಬಗಳಲ್ಲಿ ಆರು ಮನೆಯ ಹೆಂಗಸರು ಬೀಡಿ ಕಟ್ಟುವವರು. ಅವರಿಗೆ ಬೆಳಕಿರುವ ಜಗಲಿ ಬೇಕು, ಮಳೆಗಾಲದಲ್ಲಿ ಎಲೆ ಒದ್ದೆಯಾಗದ ಮೂಲೆ ಬೇಕು. ನಕ್ಷೆಯಲ್ಲಿ ಜಗಲಿಯೇ ಇಲ್ಲ. ಇಬ್ಬರಿಗೆ ಹಂದಿಗೂಡು ಇದೆ. ಗುಡ್ಡದ ಸಾಲುಮನೆಗೆ ಬಂದರೆ ಅದು ಎಲ್ಲಿಗೆ? ಬಚ್ಚಲಿನ ಹಂಡೆಗೆ ಉರಿಸುವ ತೆಂಗಿನ ಮಡಲು ಎಲ್ಲಿ ಒಣಗಬೇಕು? ನದಿದಂಡೆಯ ಮೂರು ಕುಟುಂಬಗಳವರಿಗೆ ದೋಣಿಯ ಕೆಲಸ. ಅವರನ್ನು ಗುಡ್ಡಕ್ಕೆ ಹತ್ತಿಸುವುದು ಗೌರ್ನಾದ ಕಥೆಯೇ ಆಗದೆ? ನಾಲ್ಕನೆಯ ವಾಳೆಯ ವೃದ್ಧೆಯೊಬ್ಬರು ಮಂಡಿನೋವಿನಿಂದ ಎರಡು ಮೆಟ್ಟಿಲನ್ನೂ ಏರಲಾರರು. ಇವನ್ನೆಲ್ಲ ನಾವು ಮನೆಭೇಟಿಯ ವೇಳೆ ಆಕಸ್ಮಿಕವಾಗಿ ತಿಳಿದವರು. ಕ್ರಮವಾಗಿ ಕೇಳಿದರೆ ಇನ್ನೆಷ್ಟು ತಿಳಿಯಲಿಕ್ಕಿಲ್ಲ!

ಆದ್ದರಿಂದ ಮಂಡಳಿಯ ಒಪ್ಪಿಗೆ ಪಡೆದು ಒಂದು ಏರ್ಪಾಡು ಮಾಡಿದ್ದೇವೆ. ಗುಡ್ಡವನ್ನು ಸಮತಟ್ಟು ಮಾಡುವ ಯಂತ್ರವನ್ನು ಸದ್ಯಕ್ಕೆ ಕರೆಸುವುದಿಲ್ಲ. ಬರುವ ಭಾನುವಾರದಿಂದ ನಾಲ್ಕು ವಾರಗಳ ಕಾಲ ಇಬ್ಬಿಬ್ಬರಂತೆ ಒಂಬತ್ತು ಮನೆಗಳಿಗೂ ಹೋಗಬೇಕು. ವಾಳೆಯ ಗುರಿಕಾರರು ಒಬ್ಬರು, ಜೊತೆಗೆ ಸ್ತ್ರೀಸಂಘಟನೆಯ ಒಬ್ಬರು. ಗಂಡಸರ ಎದುರಿನಲ್ಲಿ ಮಾತಾಡದ ಹೆಂಗಸರೊಡನೆ ಅಡಿಗೆಮನೆಯಲ್ಲಿ ಕುಳಿತು ಮಾತಾಡಬೇಕು. ಬೆಳಗಿನಿಂದ ರಾತ್ರಿಯವರೆಗೆ ಯಾರು ಎಲ್ಲಿರುತ್ತಾರೆ, ಈಗಿನ ಮನೆಯಲ್ಲಿ ಬಿಡಲಾರದ್ದು ಯಾವುದು, ಬೇಡವಾದದ್ದು ಯಾವುದು, ಇದ್ದಲ್ಲಿಯೇ ದುರಸ್ತಿಯಾದರೆ ಸಾಕೆ, ರಿಪೇರಿಯ ಖರ್ಚನ್ನು ಮುಂದೆ ಹೊರಬಲ್ಲರೆ ಎಂಬುದನ್ನೆಲ್ಲ ಅವರ ಮಾತಿನಲ್ಲಿಯೇ ಬರೆದುಕೊಳ್ಳಬೇಕು. ನಮ್ಮ ಮಾತಿನಲ್ಲಿ ತಿದ್ದಬಾರದು. ನಮ್ಮ ಊರಿನ ಕೆಂಪುಕಲ್ಲಿನ ಮೇಸ್ತ್ರಿಗಳಲ್ಲಿ ವೃದ್ಧರಾದ ಮೂವರನ್ನು ಇಂಜಿನಿಯರರೊಡನೆ ಒಂದು ಸಂಜೆ ಕೂರಿಸುವ ಜವಾಬ್ದಾರಿ ನಮ್ಮದು. ಇಂಜಿನಿಯರರು ಇದಕ್ಕೆ ಸಂತೋಷದಿಂದಲೇ ಒಪ್ಪಿದ್ದಾರೆ. ಹಳೆಯ ನಕ್ಷೆಯನ್ನು ಅವರೇ ಮಡಿಸಿ ಚೀಲದಲ್ಲಿಟ್ಟುಕೊಂಡರು. ಹೋಗಲು ಮನಸ್ಸುಳ್ಳವರು ಎರಡನೆಯ ಪೂಜೆಯ ನಂತರ ಗುರುನಿವಾಸದ ಜಗಲಿಗೆ ಬಂದು ಹೆಸರು ಕೊಡಬೇಕಾಗಿ ವಿನಂತಿ. ನೋಟುಪುಸ್ತಕಗಳನ್ನು ತರಿಸಿಟ್ಟಿದ್ದೇವೆ.